ಹತ್ತರಲ್ಲಿ ಒಂಬತ್ತು ಸಂತೋಷ

ಜಗತ್ತಿಗೆಲ್ಲ ನೆಮ್ಮದಿ ಹಂಚಲು ಹೊರಟಿದ್ದ ಸಂಸ್ಥೆಯ ಸಾಹೇಬರು ಗಾರ್ಮೆಂಟ್ಸ್ ಕಾರ್ಖಾನೆಯ ಊಟದ ಕೋಣೆಯಲ್ಲಿ ಫಾರಂ ಹಿಡಿದು ಕೂತಿದ್ದರು. ಅಲ್ಲಿ ಹೊಲಿಗೆ ಕೆಲಸ ಮಾಡುವ ನನ್ನ ತಂಗಿ, ತನ್ನ ಗಂಡ ಸತ್ತ ಮೇಲೆ, ನಿದ್ದೆಗೆಟ್ಟಿದ್ದಳು. ಪ್ರತಿ ಗುರುವಾರ ಅರ್ಧ ಗಂಟೆ ಆ ಸಂಸ್ಥೆಯ ಆಪ್ತಸಮಾಲೋಚಕಿಯ ಮುಂದೆ ಅತ್ತು ಬಂದರೆ ಮಾತ್ರ ಅವಳಿಗೆ ಕಣ್ಣು ಹತ್ತುತ್ತಿತ್ತು.

"ನಿಮ್ಮ ಸಂತೋಷಕ್ಕೆ ಹತ್ತರಲ್ಲಿ ಎಷ್ಟು ಕೊಡ್ತೀರಮ್ಮ?"

ಆ ಸಮಾಲೋಚಕಿ ಹುಡುಗಿಗೆ ಒಳ್ಳೆಯ ಹೆಸರು ಬರಲೆಂದು ತಂಗಿ, "ಒಂಬತ್ತು ಹಾಕ್ಕೊಳ್ಳಿ ಸಾರ್" ಎಂದಳು.

"ಭೇಷ್! ಅಂದ್ರೆ ಗುಣ ಆಯ್ತು. ಮುಂದಿನ ವಾರದಿಂದ ನೀವು ಸಮಾಲೋಚನೆಗೆ ಬರೋದೇ ಬೇಡ."

"ಅಯ್ಯೋ, ಹಾಗಾದ್ರೆ ಮೂರು ಹಾಕಿ ಸಾರ್!"

"ಪೆನ್ನಲ್ಲಿ ಬರೆದಾಯ್ತಲ್ಲಮ್ಮ!"

ತಂಗಿ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. "ಆನಂದಬಾಷ್ಪ!" ಎನ್ನುತ್ತ ಆ ಮಹಾಶಯರು ತಮ್ಮ ವರದಿಗೆಂದು ಅವಳ ಫೋಟೋ ತೆಗೆದುಕೊಂಡರು.