ಮೋರೆ ನೋಡಿದ ಕಣ್ಣು

ಅಪ್ಪನಿಗೆ ಶಿಕ್ಷೆಯಾದ ಮೇಲೆ ವಕೀಲೆ ಅಮಿತಾ ಅಪೀಲು ಹಾಕಿದರು, ನನ್ನ ಸೋದರತ್ತೆ ಗುತ್ಯಮ್ಮ ಹಾಡು ಕಟ್ಟಿದಳು. ಎರಡರಲ್ಲಿ ಯಾವುದರಿಂದ ಅಪ್ಪ ಹೊರಗೆ ಬಂದಾನು ಎಂದು ಆಗ ಕೇಳಿದ್ದರೆ ಅಪೀಲಿನಿಂದ ಎನ್ನುತ್ತಿದ್ದೆ. ಎಂ.ಎ. ಮುಗಿಸಿದವಳು ನಾನು. ಹಾಡಿನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ.

ಹೊಸನಗರ ಪೇಟೆಯ ಒಬ್ಬ ವ್ಯಾಪಾರಿಯ ಮನೆಯಲ್ಲಿ ಕಳವಾಗಿತ್ತು. ಸಂಜೆ ಹಿತ್ತಲಲ್ಲಿ ಹಲಗೆಯ ದುರ್ಗೇಶನನ್ನು ಕಂಡೆ ಎಂದು ಆ ಮನೆಯ ಆಳು ಅಪ್ಪನ ಹೆಸರು ಹೇಳಿದ. ಅಪ್ಪ ಆ ಹೊತ್ತು ಅಲ್ಲಿರಲೇ ಇಲ್ಲ. ತೀರ್ಥಹಳ್ಳಿ ಕಡೆ, ಕವಲೇದುರ್ಗದ ಕೆಳಗೆ, ಪುಟ್ಟಪ್ಪ ಎಂಬವರ ಮಗಳ ಮದುವೆಯಲ್ಲಿ ಹಲಗೆ ಬಾರಿಸುತ್ತಿದ್ದ. ಜೊತೆಗೆ ಬಾರಿಸಿದವರು ಬಂದು ಸಾಕ್ಷಿ ಹೇಳಿದರು. ಒಂದೇ ಕೇರಿಯವರು ಇನ್ನೇನು ಹೇಳುತ್ತಾರೆ ಎಂದು ಕೋರ್ಟಿನಲ್ಲಿ ಅದನ್ನು ತಳ್ಳಿಹಾಕಿದರು. ಕೊನೆಗೆ ಪುಟ್ಟಪ್ಪನವರನ್ನೇ ಕರೆಸಿದರು.

"ಹಲಗೆಯವ್ರು ಬಂದಿದ್ರು ಸ್ವಾಮಿ. ಯಾರು ಬಂದಿದ್ರು ಅಂತ ಹೆಂಗೆ ಹೇಳ್ಲಿ? ಅವ್ರ ಮೋರೆ ಯಾರು ನೋಡ್ತಾರೆ?"

ಅವರು ಸುಳ್ಳು ಹೇಳಲಿಲ್ಲ. ನನ್ನನ್ನು ಬಹಳ ಕಾಲ ಕಾಡಿದ್ದು ಅದೇ. ಚಪ್ಪರದ ಹೊರಗೆ ಕೂತು ಮದುವೆ ಮುಗಿಯುವ ತನಕ ಬಾರಿಸಿದವನ ಮುಖವನ್ನು ಅವರು ನಿಜವಾಗಿಯೂ ನೋಡಿರಲಿಲ್ಲ. ಆ ಮಾತಿನಿಂದ ಅಪ್ಪ ಜೈಲಿಗೆ ಹೋದ. ಅದೇ ಮಾತಿನಿಂದ ಅತ್ತೆಯ ಹಾಡು ಹುಟ್ಟಿತು, ಹಾಡಿನ ತಮ್ಮಯ್ಯ ಅಪ್ಪನೇ:

ಕವಲೇದುರ್ಗದ ಕೆಳಗೆ ಮದುವೆಯ ಚಪ್ಪರ
ತಮ್ಮಯ್ಯ ಹಲಗೆ ಬಡಿದಾನೆ
ಹಲಗೆ ಕೇಳಿದ ಕಿವಿ ನೂರಿದ್ದರೇನವ್ವ
ಮೋರೆಯ ನೋಡಿದ ಕಣ್ಣಿಲ್ಲ

ನಮ್ಮ ಕಡೆ ಸಸಿ ನೆಡುವ ನೆಟ್ಟಿಯ ಗದ್ದೆಯಲ್ಲಿ ಒಬ್ಬಳು ಹಾಡಿನ ಸೊಲ್ಲು ಎತ್ತಿದರೆ ಉಳಿದವರು ಅದನ್ನು ತಿರುಗಿ ಹೇಳಲೇಬೇಕು. ಎತ್ತಿದ ಸೊಲ್ಲನ್ನು ಗದ್ದೆಯಲ್ಲಿ ಬಿಡಬಾರದು, ಬಿಟ್ಟರೆ ಸಸಿ ಬೇರು ಹಿಡಿಯುವುದಿಲ್ಲ ಎನ್ನುತ್ತಾರೆ. ಅತ್ತೆ ಈ ಕಟ್ಟಳೆಯನ್ನೇ ಹಿಡಿದುಕೊಂಡಳು. ಯಾರ ಗದ್ದೆಗೆ ಹೋದರೂ ಒಂದು ಸಲ ಈ ಹಾಡು ಎತ್ತುತ್ತಿದ್ದಳು. ಇಷ್ಟವಿದ್ದವರೂ ಇಲ್ಲದವರೂ ಅಪ್ಪನ ನ್ಯಾಯ ಕೇಳಬೇಕಾಗುತ್ತಿತ್ತು.

ಅಪ್ಪ ಒಳಗಿದ್ದ ಎರಡನೇ ಮಳೆಗಾಲದಲ್ಲಿ ನಾನೂ ಕೂಲಿಗೆ ಹೋಗುತ್ತಿದ್ದ ನಮ್ಮ ನೆಟ್ಟಿಯ ಗುಂಪನ್ನು ಪಿಕಪ್ಪಿನಲ್ಲಿ ಸಾಗರದ ಕಡೆಗೆ ಕರೆದೊಯ್ದರು. ಜೋಗದ ರಸ್ತೆಯಿಂದ ಒಳಗೆ ಕೆರಿಯಮ್ಮ ಎಂಬವರ ಗದ್ದೆ. ಕೆರಿಯಮ್ಮ ಏರಿಯ ಮೇಲೆ ನಿಂತು ಸಸಿಯ ಕಟ್ಟು ಎಸೆಯುತ್ತಿದ್ದರು. ಅವರ ಸೊಸೆ ನಮ್ಮ ಸಾಲಿನಲ್ಲೇ ನಡು ಬಗ್ಗಿಸಿದ್ದಳು. ಅತ್ತೆ ಗಂಟಲು ಸರಿಮಾಡಿಕೊಂಡಳು.

"ಬಂತು ನೋಡು ಕೋರ್ಟಿನ ಹಾಡು," ಎಂದಳು ನಮ್ಮ ಗುಂಪಿನ ಕನ್ನಮ್ಮ. "ಒಂದಿನ ಆದ್ರೂ ಮದ್ವೆ ಹಾಡು ಹೇಳೇ ಮಾರಾಯ್ತಿ."

"ಇದೂ ಮದ್ವೆ ಹಾಡೇ ಕಣೆ. ಬಾಯ್ಮುಚ್ಕಂಡು ಸೊಲ್ಲು ತಗ."

"ಬಾಯ್ಮುಚ್ಕಂಡು ಹೆಂಗೆ ತಗಳದು?"

ಎಲ್ಲರೂ ನಕ್ಕರು. ಹಾಡು ಹೊರಟಿತು. ಸೊಸೆಯೂ ಸೊಲ್ಲು ತಿರುಗಿಸುತ್ತಿದ್ದಳು, ಒಳ್ಳೆಯ ಕಂಠ. ನಾಲ್ಕನೇ ಸೊಲ್ಲಿಗೆ ಅವಳ ದನಿ ನಿಂತಿತು. ಸೆಟೆದು ನಿಂತಳು, ಕೈಯಲ್ಲಿ ಸಸಿ. ಅವಳನ್ನು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಸೊಲ್ಲು ಗದ್ದೆಯಲ್ಲೇ ಉಳಿಯಿತು.

"ಏನಾತೇ ಆಶಾ?" ಕೆರಿಯಮ್ಮ ಏರಿಯಿಂದ ಕೂಗಿದರು.

ಅವಳು ಅತ್ತೆಯನ್ನು ಕೇಳಿದಳು, "ಆ ಮದ್ವೆ ಪುಟ್ಟಪ್ಪನವ್ರ ಮನೇದಾ?"

"ಹೌದು. ಯಾಕೆ?"

"ಅದು ನನ್ನ ಮದ್ವೆ. ಹಾಡು ತಪ್ಪು ಅಕ್ಕ. ನಾನು ನೋಡಿದೀನಿ."

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಎಲ್ಲ ಹೇಳಿದಳು. ಧಾರೆ ರಾತ್ರಿಗಿತ್ತು. ಅವತ್ತು ಸಂಜೆ ಮೋಡ ಕವಿದು ಹಲಗೆಯ ಚರ್ಮ ಸಡಿಲಾಗಿತ್ತು. ನನ್ನ ಅಪ್ಪ ಹಿತ್ತಲ ಬಾಗಿಲಿಗೆ ಬಂದು ಬಿಸಿ ಮಾಡಲು ಕೆಂಡ ಕೇಳಿದ. ಎಲ್ಲರೂ ಊಟ ಬಡಿಸುವುದರಲ್ಲಿದ್ದರು, ಅಲ್ಲಿದ್ದವಳು ಮದುಮಗಳು ಒಬ್ಬಳೇ. ಒಲೆಯಿಂದ ಕೆಂಡ ತೆಗೆದು ತೆಂಗಿನ ಚಿಪ್ಪಿನಲ್ಲಿ ಕೊಡುವಾಗ ಒಂದು ಕೆಂಡ ಅವಳ ಧಾರೆ ಸೀರೆಯ ಮೇಲೆ ಬಿತ್ತು. ಅಪ್ಪ ಅಂಗೈಯಲ್ಲೇ ಒತ್ತಿ ಆರಿಸಿದ. ಧಾರೆ ಸೀರೆ ಸುಟ್ಟಿತು ಅಂದರೆ ಗಂಡಿನ ಕಡೆಯವರು ಅಪಶಕುನ ಅನ್ನುತ್ತಾರೆ, ಮದುವೆ ನಡೆಯುತ್ತದೋ ಇಲ್ಲವೋ ಎಂದು ಅವಳು ಹೆದರಿದಳು. ಕೈಮುಗಿದು, ಯಾರಿಗೂ ಹೇಳಬೇಡ ಎಂದು ಬೇಡಿಕೊಂಡಳು. ಅಪ್ಪ ತಲೆಯಾಡಿಸಿ ಹೋದ.

ಕೇಸಿನ ವಿಷಯ ಅವಳ ಕಿವಿಗೆ ಬಿದ್ದೇ ಇರಲಿಲ್ಲ. ತವರಿನವರು ಯಾವುದೋ ಹಲಗೆಯವನ ಕೇಸು ಎಂದು ಮರೆತುಬಿಟ್ಟಿದ್ದರು.

ಮುಂದಿನ ವಾರ ಜೈಲಿಗೆ ಹೋಗಿ ಅಪ್ಪನ ಅಂಗೈ ನೋಡಿದೆ. ಕಲೆ ಇತ್ತು.

"ಯಾಕಪ್ಪ ಹೇಳ್ಲಿಲ್ಲ? ವಕೀಲರ ಹತ್ರ ಆದ್ರೂ?"

"ಮದುಮಗಳು ಕೈ ಮುಗಿದಿದ್ಲು ಕಣೆ ಸ್ವಾತಿ," ಎಂದ. ಅಂಗೈ ಮಡಚಿಕೊಂಡು ಹೇಳಿದ, "ಪುಟ್ಟಪ್ಪನವ್ರು ಹೆಂಗೂ ನಾನು ಬಂದಿದ್ದೆ ಅಂತಾರೆ ಅಂದ್ಕಂಡಿದ್ದೆ. ಅವ್ರು ಹಂಗಂದ ಮೇಲೆ ಹೇಳಿದ್ರೆ ಸುಳ್ಳು ಕಟ್ಟಿದಂಗೆ ಕಾಣ್ತಿತ್ತು. ಆ ಹುಡುಗಿ ಮನೇನೂ ಹಾಳಾಗ್ತಿತ್ತು."

ನನಗೆ ಸಿಟ್ಟು ಬಂತು. ಆ ಮೌನಕ್ಕೆ ನಮ್ಮ ಮನೆ ತೆತ್ತದ್ದೇನೆಂದು ನನಗೆ ಗೊತ್ತಿತ್ತು. ಆದರೆ ಬಸ್ಸಿನಲ್ಲಿ ಬರುತ್ತಾ ಬರುತ್ತಾ, ಇಂಥವನ ಮಗಳು ನಾನು ಎಂಬುದೂ ಮನಸ್ಸಿಗೆ ಬಂತು.

ಆಶಾ ಸಾಕ್ಷಿ ಹೇಳಿದರೆ ಹೆತ್ತ ಅಪ್ಪನ ಮಾತಿಗೆ ಎದುರು ನಿಂತಂತೆ. ಪುಟ್ಟಪ್ಪನವರು ಫೋನು ಮಾಡಿ, "ಹಲಗೆಯವನ ಪರವಾಗಿ ಕೋರ್ಟು ಹತ್ತಿದ್ರೆ ತವರು ಇಲ್ಲ ಅಂದ್ಕ" ಎಂದರಂತೆ. ಅವಳು ಬರಲಾರಳು ಎಂದುಕೊಂಡೆ. ಅಮಿತಾ ಅರ್ಜಿ ಹಾಕಿ, ಮೇಲಿನ ಕೋರ್ಟು ಅವಳ ಹೇಳಿಕೆ ಪಡೆಯಲು ಒಪ್ಪಿದ ಮೇಲೂ ಹಾಗೇ ಅಂದುಕೊಂಡಿದ್ದೆ. ಆ ದಿನ ಬೆಳಿಗ್ಗೆ ಕೆರಿಯಮ್ಮನವರೇ ಸೊಸೆಯನ್ನು ಕರೆದುಕೊಂಡು ಬಸ್ಸಿಳಿದರು. ಅವರ ಕಂಕುಳಲ್ಲಿ ಚೀಲ, ಚೀಲದಲ್ಲಿ ಸುಟ್ಟ ಸೀರೆ.

"ಅಪಶಕುನ ಅಂತ ನಂಗೆ ಹೆದರಿದ್ಲಂತೆ ಇವ್ಳು," ಎಂದು ಅತ್ತೆಯ ಹತ್ತಿರ ಬೈದುಕೊಂಡರು. "ನಾನೇನು ಅಷ್ಟು ಕೆಟ್ಟ ಅತ್ತೇನಾ? ನೀವೇ ಹೇಳಿ."

ಸರ್ಕಾರಿ ವಕೀಲರು ಆಶಾಳನ್ನು ಕೇಳಿದರು: ನಿಮ್ಮ ತಂದೆಗೇ ಗುರುತಿಲ್ಲ, ನಿಮಗೆ ಹೇಗೆ ಗುರುತು?

 

"ಕೈ ಸುಟ್ಕೊಂಡವ್ರ ಮೋರೆ ನೋಡದೆ ಇರಕ್ಕಾಗತ್ತಾ ಸಾರ್?" ಎಂದಳು.

ಅಪ್ಪ ಬಿಡುಗಡೆಯಾಗಿ ಬಂದ. ಬಂದ ವಾರವೇ ನಾವು ಕೆರಿಯಮ್ಮನವರ ಮನೆಗೆ ಹೋದೆವು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ನಾನು ವಾಕ್ಯ ಜೋಡಿಸುತ್ತಿದ್ದೆ. ಓದಿದವಳು ನಾನೇ ತಾನೆ. ಅಲ್ಲಿ ಹೋಗಿ ಜಗುಲಿಯಲ್ಲಿ ಕೂತಾಗ ಒಂದೂ ಬರಲಿಲ್ಲ. ಅತ್ತೆ ಹೊಸದಾಗಿ ಕಟ್ಟಿದ ಒಂದು ಸೊಲ್ಲು ಹೇಳಲು ಹೋದಳು, ಅದರಲ್ಲಿ ಆಶಾಳ ಹೆಸರಿತ್ತು.

"ಹೆಸ್ರು ಬೇಡ ಅಕ್ಕ," ಎಂದು ಅವಳು ತಡೆದಳು. "ಅಪ್ಪ ಇನ್ನೂ ನನ್ನ ಹತ್ರ ಮಾತಾಡ್ತಿಲ್ಲ."

ಅತ್ತೆ ಆ ಸೊಲ್ಲನ್ನು ಅಲ್ಲೇ ಬಿಟ್ಟಳು. ಅವಳು ತಾನಾಗಿ ಸೊಲ್ಲು ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಶಾ ಎಂಬುದು ಇಲ್ಲಿಯೂ ಅವಳ ನಿಜವಾದ ಹೆಸರಲ್ಲ.

ಆಗ, ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಅಪ್ಪ ಬಾಯಿ ಬಿಟ್ಟ.

"ಅವತ್ತಿನ ಊಟ ಚೆನ್ನಾಗಿತ್ತು ಕಣಮ್ಮ. ನಿಮ್ಮ ಮದ್ವೇದು. ಹೇಳಕ್ಕೇ ಆಗಿರ್ಲಿಲ್ಲ."

ಆಶಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗು ನಿಲ್ಲಲಿಲ್ಲ, ಕಣ್ಣೀರೂ ನಿಲ್ಲಲಿಲ್ಲ.

"ಅದು ಅವ್ರಪ್ಪನ ಮನೆ ಊಟ," ಎಂದು ಕೆರಿಯಮ್ಮ ಎದ್ದರು. "ಇವತ್ತು ನಮ್ಮ ಮನೇದು ಉಂಡು ನೋಡು, ಆಮೇಲೆ ಹೇಳು. ಬಾ, ಒಳಗೆ ಬಾ. ಕೈ ತೊಳ್ಕಳಿ ಎಲ್ಲ."