ಮೊದಲ ಚೊಂಬು ನೀರು

ಸೊಸೆ ಪ್ರೇಕ್ಷಾ ಬಸುರಿಯೆಂದು ತಿಳಿದ ದಿನವೇ ಕಡಲ ಬದಿಯ ಬೀಜಾಡಿಯ ಜಲಜ ಅಡುಗೆಮನೆಯ ನಲ್ಲಿಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಬೆಳಿಗ್ಗೆ ಅವಳು ಎದ್ದು ಚೊಂಬು ತುಂಬಿಸುವ ತನಕ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಗಂಡ ಚಂದಯ್ಯ ಮುಖ ತೊಳೆಯಬೇಕಿದ್ದರೂ ಅಂಗಳದ ಬಾವಿಗೇ ಹೋಗಬೇಕು. ರಾತ್ರಿಯಿಡೀ ಯಾರೂ ಕದಡದ ಮೊದಲ ನೀರು ಬಸುರಿಯ ಪಾಲು ಎಂದು ಅವಳ ತಾಯಿ ಹೇಳುತ್ತಿದ್ದಳು. ತಾಯಿ ಹೇಳಿದ್ದು ಬಾವಿಯ ಮಾತು. ಮನೆಯ ಬಾವಿಗೆ ಉಪ್ಪು ಹತ್ತಿದ ಮೇಲೆ ಜಲಜ ಅದೇ ಶಾಸ್ತ್ರವನ್ನು ನಲ್ಲಿಗೂ ಅನ್ವಯಿಸಿದ್ದಳು.

"ಅಷ್ಟೂ ಕುಡೀಕ್ ಮಗಾ, ಒಂದ್ ಹನಿ ಬಿಡೂಕಾಗ" ಎಂದು ಚೊಂಬನ್ನು ಸೊಸೆಯ ಕೋಣೆಯಲ್ಲಿಟ್ಟು ಅವಳು ಮೀನಿನ ಬುಟ್ಟಿ ಹೊತ್ತು ಹೊರಡುತ್ತಿದ್ದಳು. ತಿರುಗಿ ಬರುವಾಗ ಚೊಂಬು ಖಾಲಿ. ಅದನ್ನು ಕಂಡರೆ ಸಾಕು, ಬಿಸಿಲಲ್ಲಿ ಅಲೆದ ದಣಿವೆಲ್ಲ ಇಳಿಯುತ್ತಿತ್ತು. ಮಗ ರತನ್ ಬೋಟಿಗೆ ಹೋದರೆ ವಾರಗಟ್ಟಲೆ ಕಡಲಲ್ಲೇ ಇರುವವನು. ಹುಡುಗಿಯನ್ನು ಜೋಪಾನ ಮಾಡಲು ತಾನಲ್ಲದೆ ಇನ್ಯಾರು?

ಪ್ರೇಕ್ಷಾಳ ತಂಗಿ ಮೋಕ್ಷಿತಾ ಕುಂದಾಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುತ್ತಿದ್ದಳು. ಕುಡಿಯುವ ನೀರಿನ ಬಗ್ಗೆ ಅವಳದ್ದೊಂದು ಪ್ರಾಜೆಕ್ಟು. ಒಮ್ಮೆ ಅಕ್ಕನ ಮನೆಯಲ್ಲಿ ತಂಗಿದ್ದಾಗ ಆ ಚೊಂಬಿನಿಂದಲೇ ಒಂದು ಬಾಟಲಿ ನೀರು ತುಂಬಿಸಿಕೊಂಡು ಹೋಗಿದ್ದಳು. ಮತ್ತೆ ಬಂದಾಗ ಅವಳ ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ಅತ್ತೆ, ಆ ಚೊಂಬಿನ ನೀರಂಗೆ ಸೀಸ ಇತ್ತ್. ಬಸ್ರಿಯರ್ ಅದ್ನ ಕುಡೂಕಾಗ. ಹೊಟ್ಟಿ ಮಗಿಗೇ ಪೆಟ್ಟ್."

"ಸೀಸವಾ? ನಮ್ ನೀರಿಗೆ ಸೀಸ ಎಲ್ಲಿಂದ ಬಪ್ಪುದ್?"

ಜಗಲಿಯಲ್ಲಿ ಬಲೆ ಕಟ್ಟುತ್ತಿದ್ದ ಚಂದಯ್ಯನ ಕೈ ನಿಂತಿತು. ಎರಡು ವರ್ಷದ ಕೆಳಗೆ, ಟಾಂಕಿಯಿಂದ ಬರುವ ಹಳೆಯ ಕಬ್ಬಿಣದ ಪೈಪು ಸೋರತೊಡಗಿದಾಗ, ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಕರಗಿಸಿ ಸಂದಿಗೆ ಹೊಯ್ದವನು ಅವನೇ. ಒಂದು ಹನಿ ಸೋರದ ಆ ಕೆಲಸವನ್ನು ಮನೆಗೆ ಬಂದವರಿಗೆಲ್ಲ ಕರೆದು ಕರೆದು ತೋರಿಸಿದ್ದ.

ಮೋಕ್ಷಿತಾ ಮೆಲ್ಲಗೆ ಬಿಡಿಸಿ ಹೇಳಿದಳು. ಹರಿಯುವ ನೀರಿಗೆ ಸೀಸ ಅಷ್ಟಾಗಿ ಹತ್ತುವುದಿಲ್ಲ, ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರಿಗೆ ಹತ್ತುತ್ತದೆ. ಕುದಿಸಿದರೂ ಹೋಗುವುದಿಲ್ಲ. ಬೆಳಗಿನ ಮೊದಲ ಚೊಂಬಿನಲ್ಲೇ ಅದು ಎಲ್ಲಕ್ಕಿಂತ ಹೆಚ್ಚು.

ಜಲಜ ಒಳಗಿನಿಂದ ಚೊಂಬನ್ನು ತಂದು ನೆಲಕ್ಕೆ ಕುಕ್ಕಿದಳು. "ಅಯ್ಯೋ, ನನ್ ಕೈಯಾರೆ ಕೊಟ್ನಲೆ!"

"ನೀ ಎಂತ ಮಾಡ್ದೆ? ಸೀಸ ಹೊಯ್ದದ್ ನಾನಲ್ದಾ?" ಎಂದ ಚಂದಯ್ಯ.

"ನಿಮ್ಗೆಂತ ಗೊತ್ತಿತ್ತ್? ಆರ್ಸಿ ಆರ್ಸಿ ಅದೇ ನೀರ್ ಹಿಡ್ದದ್ ನಾನ್!"

ಪಾಲು ಹಂಚುವಾಗ ಕಿತ್ತಾಡುವುದನ್ನು ಕೇಳಿದ್ದೇವೆ. ಇವರಿಬ್ಬರೂ ತಪ್ಪು ತನಗೇ ಸೇರಬೇಕೆಂದು ಕಿತ್ತಾಡಿದರು. ಪ್ರೇಕ್ಷಾ ಮಾತ್ರ ಏನೋ ಹೇಳಲು ಬಾಯಿ ತೆರೆದು, ಮಾವನ ಮುಖ ನೋಡಿ ಸುಮ್ಮನಾದಳು.

ಅಂದೇ ಹಳೆಯ ಪೈಪನ್ನು ಕತ್ತರಿಸಿ ಪ್ಲಾಸ್ಟಿಕ್ಕಿನದು ಹಾಕಿಸಿದರು. ಮರುದಿನ ಅತ್ತೆ, ಮಾವ, ಸೊಸೆ ಮೂವರೂ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದರು. ಫಲಿತಾಂಶ ಬರುವವರೆಗೆ, ಮಗುವಿಗೆ ಏನೂ ಆಗದಿದ್ದರೆ ಸಾಕೆಂದು ಜಲಜ ಹರಕೆ ಹೊರದ ದೈವವಿಲ್ಲ.

ಫಲಿತಾಂಶ ಬಂದ ದಿನ ಡಾಕ್ಟರು ಪ್ರೇಕ್ಷಾಳನ್ನು ನೋಡಿ ನಕ್ಕರು. "ನಿಮ್ಮ ರಕ್ತದಲ್ಲಿ, ನಿಮ್ಮ ಅತ್ತೆಯದರಲ್ಲೂ, ಚಿಂತೆ ಮಾಡುವಂಥದ್ದೇನಿಲ್ಲ." ಆಮೇಲೆ ಚಂದಯ್ಯನ ಕಡೆ ತಿರುಗಿದರು. "ಆದರೆ ನಿಮ್ಮದು ಜಾಸ್ತಿಯಿದೆಯಲ್ಲ."

ಜಲಜಳಿಗೆ ಹೋದ ಜೀವ ಬಂದಂತಾಯಿತು, ಬಂದದ್ದು ಮತ್ತೆ ಹಾರಿತು. "ಇವ್ರಿಗೆಂತಕೆ? ದಿನಾ ಆ ನೀರ್ ಕುಡ್ದದ್ ಇವ್ಳಲ್ದಾ?"

ಪ್ರೇಕ್ಷಾಳಿಗೆ ಅಳುವೇ ಬಂತು. "ಅತ್ತೆ, ಬೆಳಿಗ್ಗೆ ನೀರ್ ಕಂಡ್ರೆ ಸಾಕ್, ನಂಗೆ ವಾಂತಿ ಬತ್ತಿತ್ತ್. ಹೇಳ್ರೆ ನಿಮ್ಗ್ ಬೇಜಾರ್ ಆತ್ತ್ ಅಂದೇಳಿ ಹೇಳ್ಲಿಲ್ಲೆ. ಚೆಲ್ಲೂಕ್ ಹೋದ್ರೆ ಮಾವ ಬಿಡ್ಲಿಲ್ಲೆ. ದಿನಾ ಅವ್ರೇ ಕುಡ್ದ್ರ್."

ಜಲಜ ಗಂಡನನ್ನೇ ದಿಟ್ಟಿಸಿದಳು. ಕದ್ದು ಸಿಕ್ಕಿಬಿದ್ದವನಂತೆ ಚಂದಯ್ಯ ನೆಲ ನೋಡುತ್ತಿದ್ದ.

"ನೀ ಅಷ್ಟ್ ಬೇಗ ಎದ್ದ್ ಹಿಡ್ದ ನೀರ್," ಎಂದ. "ಚೆಲ್ಲೂಕ್ ಮನ್ಸ್ ಬರ್ಲಿಲ್ಲೆ ಮಾರಾಯ್ತಿ."

ಮದುವೆಯಾದಂದಿನಿಂದ ಸಾರಿಗೆ ಉಪ್ಪು ಸಾಲದು ಎನ್ನಲು ಮಾತ್ರ ಬಾಯಿ ತೆರೆದ ಮನುಷ್ಯ! ಜಲಜಳಿಗೆ ಬಯ್ಯಬೇಕೆನಿಸಿತು, ಬಯ್ಯುವ ಬದಲು ಅವನ ತೋಳು ಹಿಡಿದಳು. ಬಲೆಯ ಗುಂಡಿಗೆಂದು ಸೀಸ ಕರಗಿಸುವ ಕೆಲಸವನ್ನೂ ಬಿಡಬೇಕು, ಇನ್ನು ಒಳಗೆ ಹೋಗದಿದ್ದರೆ ರಕ್ತದಲ್ಲಿರುವುದು ಇಳಿಯುತ್ತದೆ, ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು ಡಾಕ್ಟರು. ಬಸ್ಸಿನಲ್ಲಿ ಬೀಜಾಡಿಯ ತನಕವೂ ಅವಳು ಅವನ ತೋಳು ಬಿಡಲಿಲ್ಲ. ಜನ ನೋಡುತ್ತಾರೆಂದು ಅವನೇ ಎರಡು ಸಲ ಕೊಸರಿಕೊಂಡ.

ಮರುದಿನ ಬೆಳಿಗ್ಗೆ ಜಲಜ ನಲ್ಲಿ ತಿರುಗಿಸಿ, ಪೈಪು ಹೊಸದೇ ಆದರೂ ಯಾವುದಕ್ಕೂ ಇರಲಿ ಎಂದು ಸ್ವಲ್ಪ ಹೊತ್ತು ನೀರನ್ನು ಬಕೆಟಿಗೆ ಬಿಟ್ಟಳು. ಆಮೇಲೆ ಚೊಂಬು ತುಂಬಿಸಿ, ಸೊಸೆಯ ಕೋಣೆಯನ್ನು ದಾಟಿ ಸೀದಾ ಜಗಲಿಗೆ ಬಂದಳು.

"ಹ್ವಾಯ್, ತಕಣಿ," ಎಂದಳು. "ಇದ್ ನಿಮ್ಗಂದೇಳಿಯೇ ಹಿಡ್ದದ್."