ಮೇಜಿನ ಮೇಲಿನ ಕುಡುಕ ಹೂವು

ಬೆಳಿಗ್ಗೆ ನಾನು ಬಿಳಿಯನ್ನೇ ಹಚ್ಚಿದ್ದೆ. ಅದಂತೂ ಖಂಡಿತ.

ಯೊಕೊಹಾಮಾದ ನಮ್ಮ ಸ್ಟುಡಿಯೋದಲ್ಲಿ ಹೂವಿನ ಫೋಟೋಗಳಿಗೆ ಬಣ್ಣ ಹಚ್ಚುವವಳು ನಾನು, ತೊಸೆ. ಮನುಷ್ಯರ ಮುಖಗಳು ಕಿವಾಳ ಪಾಲಿಗೆ. ಅಚ್ಚಾಗಿ ಬರುವ ಫೋಟೋ ಬರೀ ಕಂದು. ಅದಕ್ಕೇ ಅದೇ ಗಿಡದ ಕೊಂಬೆಯೊಂದನ್ನು ನನ್ನ ಮೇಜಿನ ಮೇಲಿಡಿಸುವುದು ಯಜಮಾನ ಮುರೊಓಕಾ ಅವರ ಕಟ್ಟಳೆ. ನೋಡಿಯೇ ಹಚ್ಚಬೇಕು, ಮನಸ್ಸಿಗೆ ತೋಚಿದ್ದಲ್ಲ.

ಅಂದಿನ ಕೊಂಬೆ ಅವರ ಮಾವನ ಮನೆಯ ಹಿತ್ತಿಲಿನದು. ದಾಸವಾಳದ ಜಾತಿಯ ಒಂದೇ ಒಂದು ಹೂವು, ಅಕ್ಕಿಹಿಟ್ಟಿನಂತೆ ಬೆಳ್ಳಗಿತ್ತು. ಇಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಎಸಳಿಗೆ ಬಿಳಿ ಹಚ್ಚಿ, ಎಲೆ ಮುಗಿಸಿ, ಊಟಕ್ಕೆದ್ದೆ. ಸೋಬಾ ಶಾವಿಗೆ ತಿಂದು ಬಂದು ನೋಡಿದರೆ ಹೂವು ಗುಲಾಬಿ!

“ಕಿವಾ, ಹೂವು ಬದಲಾಯಿಸಿದ್ಯೇನೇ?”

“ನಂಗೆ ಬೇರೆ ಕೆಲ್ಸ ಇಲ್ವಾ ಅಕ್ಕ? ಈ ಫೋಟೋದವಳ ಕೆನ್ನೆ ತೀಡಿ ತೀಡಿ ಬೆನ್ನು ಬಿದ್ದೋಗಿದೆ.”

“ಬೆಳಿಗ್ಗೆ ಬಿಳಿ ಇತ್ತಲ್ವಾ?”

“ನಾನೆಲ್ಲಿ ನೋಡ್ದೆ? ನಿಮ್ಮ ಕಡೆ ಬೆನ್ನು ಹಾಕಿ ಕೂತಿದ್ದೀನಿ.”

ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಗುಲಾಬಿಯೇ. ನನ್ನ ಅಪ್ಪನೂ ಇದೇ ಕಸುಬಿನವನು. ಒಂದು ದಿನ ಹಸಿರು ಬಿದಿರು ಮೆಳೆಗೆಲ್ಲ ಕಂದು ಬಳಿದಿದ್ದ. ಕಣ್ಣು ಕೆಟ್ಟಿದೆ ಎಂದು ಆಗಿನ ಯಜಮಾನ ಮನೆಗೆ ಕಳಿಸಿದ. ಆಮೇಲೆ ಅಪ್ಪ ಮತ್ತೆ ಕುಂಚ ಹಿಡಿಯಲಿಲ್ಲ. ಈಗ ನನ್ನ ಸರದಿಯೇ? ಕುಂಚ ಬಿಟ್ಟರೆ ನನಗೆ ಬೇರೇನೂ ಬಾರದು. ಬಾಯಿ ಮುಚ್ಚಿಕೊಂಡು ಬಿಳಿಯ ಮೇಲೆ ಗುಲಾಬಿ ಹಚ್ಚಿದೆ. ಸಂಜೆಯ ಹೊತ್ತಿಗೆ ಆ ಹಾಳು ಹೂವು ಕೆಂಪಗಾಗಿ ಕೂತಿತ್ತು. ಏನೂ ತೋಚದೆ ಕೆಂಪೂ ಹಚ್ಚಿದೆ. ಅಷ್ಟರಲ್ಲಿ ಯಜಮಾನರು ಬಂದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿತು.

“ಯಜಮಾನ್ರೇ, ಬೆಳಿಗ್ಗೆ ಇದು ಬಿಳಿ ಇತ್ತು. ನನ್ನ ಕಣ್ಣು ಯಾಕೋ...”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿನ್ನ ಕಣ್ಣಿಗೇನು ಧಾಡಿ? ಇದು ಕುಡುಕ ಹೂವು ಕಣಮ್ಮ! ಬೆಳಿಗ್ಗೆ ಬಿಳಿ, ಮಧ್ಯಾಹ್ನ ಒಂದು ಗುಟುಕು ಅಕ್ಕಿ ಹೆಂಡ, ಸಂಜೆಗೆ ನಮ್ಮ ಮಾವನ ಕೆಂಪು ಮೂಗು!”

ಕಿವಾಳೂ ಬಿದ್ದು ಬಿದ್ದು ನಕ್ಕಳು. ಹೋದ ಜೀವ ಬಂದಂತಾಗಿ ನಾನೂ ನಕ್ಕೆ.

ಯಜಮಾನರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಆದ್ರೆ ಎಲೆ ನೋಡು, ಏನ್ ಚಂದ! ಕೊಂಬೇಲಿ ಇನ್ನೂ ಹಚ್ಚಹಸಿರಾಗಿದ್ರೂ ಕಂದು ಹಚ್ಚಿ ಶರತ್ಕಾಲ ತಂದುಬಿಟ್ಟಿದ್ದೀಯ. ನನ್ನ ಮಾತು ಮೀರಿದ್ದು ಇದೊಂದ್ಸಲ ಒಳ್ಳೇದೇ ಆಯ್ತು. ಉಳಿದ ಪ್ರತಿಗಳಿಗೂ ಹೀಗೇ ಹಚ್ಚು.”

ನಾನು ಕೊಂಬೆಯನ್ನು ನೋಡಿದೆ. ಫೋಟೋ ನೋಡಿದೆ. ಮತ್ತೆ ಕೊಂಬೆ. ಎಲೆಗಳು ಎರಡರಲ್ಲೂ ಒಂದೇ ಥರ ಕಂಡವು. ತಲೆಬಾಗಿ ನಮಸ್ಕರಿಸಿದೆ.

ಅವರು ಹೊರಟುಹೋದ ಮೇಲೆ ಬಣ್ಣದ ಬಟ್ಟಲುಗಳನ್ನು ಕಿವಾಳ ಮುಂದೆ ತಳ್ಳಿದೆ.

“ಇದ್ರಲ್ಲಿ ಹಸಿರು ಯಾವ್ದು ಹೇಳೇ.”

ಅವಳು ತಮಾಷೆ ಎಂದುಕೊಂಡು ಇನ್ನೊಮ್ಮೆ ನಕ್ಕಳು.